ಗೋಡೆ ದಾಟುವಷ್ಟು

"ಇದು ಗೋಡೆ ದಾಟುತ್ತೇನಪ್ಪ?"

ಅನ್ನಪೂರ್ಣಮ್ಮ ಹೀಗೆ ಕೇಳಿದಾಗ ಇಫ್ತಿಕಾರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ, ಅದರ ಹಿಂದೆಯೇ ಪರದೆ ಇಳಿಬಿಟ್ಟ ಸೈಬರ್ ಸೆಂಟರ್. ಎರಡು ಸಾವಿರದ ಒಂಬತ್ತನೇ ಇಸವಿ. ತಂತಿಯಿಲ್ಲದೆ ಮನೆಯೊಳಗೆಲ್ಲ ಇಂಟರ್‌ನೆಟ್ ಹಂಚುವ ಡಬ್ಬಿ ಊರಿಗೆ ಆಗಿನ್ನೂ ಹೊಸದು. ಅದನ್ನು ಕೇಳಿಕೊಂಡು ಬರುವವರೆಂದರೆ ಎಣ್ಣೆ ಮಿಲ್ಲಿನ ಯಜಮಾನರು, ಇಲ್ಲವೇ ಕಾಲೇಜಿನ ಮೇಷ್ಟ್ರುಗಳು. ಮನೆಯಲ್ಲಿ ಕಂಪ್ಯೂಟರೇ ಇಲ್ಲದ ಹೆಂಗಸೊಬ್ಬಳು ಏಪ್ರಿಲ್ ಬಿಸಿಲಿನಲ್ಲಿ ತಲೆ ಮೇಲೆ ಸೆರಗು ಹೊದ್ದು ಬಂದು ರೂಟರ್ ಕೇಳಿದ್ದು ಅದೇ ಮೊದಲು.

"ಯಾವ ಗೋಡೆ ಅಮ್ಮಾರೆ?"

"ನಮ್ಮ ಮನೆ ಗೋಡೆ ಕಣಪ್ಪ. ಊರಿಗೆಲ್ಲ ಗೊತ್ತಿರೋ ಗೋಡೆ."

ಊರಿಗೆ ಗೊತ್ತಿದ್ದದ್ದು ನಿಜ. ಗಂಡ ಬೊಮ್ಮಲಿಂಗಪ್ಪ ತೀರಿಕೊಂಡ ಮೇಲೆ ಅವಳಿಗೂ ಮೈದುನ ಹಾಲೇಶಪ್ಪನಿಗೂ ಪಾಲಾಗಿತ್ತು. ಮನೆತನದ ಎಣ್ಣೆ ಮಿಲ್ಲು ಅವನಿಗೆ, ಹೊಲ ಮತ್ತು ಬಾಡಿಗೆ ಮಳಿಗೆಗಳು ಇವಳಿಗೆ. ಹಿರಿಯರು ಕೂತು ಹಂಚಿದ್ದು ಸಲೀಸಾಗಿಯೇ ಮುಗಿಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು, ಅದಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ಜಗಳ ಬಂದದ್ದು ಬಚ್ಚಲುಮನೆಯ ತಾಮ್ರದ ಹಂಡೆಗೆ. ಮಿಲ್ಲು ಬಿಟ್ಟುಕೊಟ್ಟವಳು ಹಂಡೆ ಬಿಡಲಿಲ್ಲವಲ್ಲ ಎಂದು ಊರು ನಕ್ಕಿತು.

ನಕ್ಕವರಿಗೇನು ಗೊತ್ತು? ಆ ಹಂಡೆಯ ನೀರಿನಲ್ಲೇ ಅವಳು ಐಶ್ವರ್ಯಳನ್ನು ಮೀಯಿಸಿ ಬೆಳೆಸಿದ್ದು. ಹಾಲೇಶಪ್ಪನ ಹೆಂಡತಿ ಜಗದಾಂಬ ಹೆತ್ತವಳೇ ಹಾಸಿಗೆ ಹಿಡಿದಳು. ಆಗ ಕೂಸನ್ನು ಮಡಿಲಿಗೆ ಹಾಕಿಕೊಂಡವಳು ಮಕ್ಕಳಿಲ್ಲದ ಅನ್ನಪೂರ್ಣಮ್ಮ. ಮಿಲ್ಲಿನ ಅಂಗಳದ ಶೇಂಗಾ ರಾಶಿಯ ಮೇಲೆ ಹೊರಳಾಡಿ ಬೆಳೆದ ಹುಡುಗಿಯನ್ನು ಅವಳು "ಶೇಂಗಾಬೀಜ" ಎಂದೇ ಕರೆಯುತ್ತಿದ್ದಳು. ಹುಡುಗಿಯೂ ಅಷ್ಟೇ, "ಅವ್ವ" ಅನ್ನುವುದಕ್ಕಿಂತ ಮೊದಲು "ದೊಡ್ಡವ್ವ" ಅನ್ನುವುದನ್ನು ಕಲಿತಳು.

ಹಂಡೆಯ ಜಗಳದ ದಿನ ಹಾಲೇಶಪ್ಪ ಅನ್ನಬಾರದ ಒಂದು ಮಾತು ಅಂದ. "ಹಂಡೆ ಒಯ್ದು ಏನ್ಮಾಡ್ತೀರಿ ಅತ್ತಿಗೆ, ಮೀಯಿಸೋಕೆ ನಿಮಗೆ ಮಕ್ಕಳಿದಾವಾ?" ಅನ್ನಪೂರ್ಣಮ್ಮನ ತಲೆಗೆ ಬೆಂಕಿ ಹತ್ತಿತು. ದೇವರ ಮುಂದೆ ಕರ್ಪೂರ ಹಚ್ಚಿ, ಉರಿಯ ಮೇಲೆ ಕೈಯಿಟ್ಟು, "ಇವತ್ತಿಂದ ನಿನ್ನ ಹೊಸ್ತಿಲು ತುಳಿದ್ರೆ, ಆ ಮನೆಯೋರ ಕೂಡ ಒಂದು ಮಾತಾಡಿದ್ರೆ, ಐಶು ಆಣೆ" ಅಂದುಬಿಟ್ಟಳು. ನಮ್ಮ ಜನ ಆಣೆ ಇಡುವುದೇ ಹಾಗೆ. ಬೇಡವಾದವರ ಮೇಲೆ ಯಾರೂ ಇಡುವುದಿಲ್ಲ, ಜೀವಕ್ಕೆ ಜೀವವಾದವರ ಮೇಲೇ ಇಡುತ್ತಾರೆ. ಹಂಡೆ ಇವಳ ಪಾಲಿಗೆ ಬಂತು, ಕೂಸು ಗೋಡೆಯ ಆಚೆ ಉಳಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಒಮ್ಮೆ ಗುಡಿಯ ಅಂಗಳದಲ್ಲಿ, ಸ್ಕೂಲ್ ಯೂನಿಫಾರಂ ತೊಟ್ಟಿದ್ದ ಐಶ್ವರ್ಯ "ದೊಡ್ಡವ್ವಾ!" ಎಂದು ಓಡಿ ಬಂದಿದ್ದಳು. ಅನ್ನಪೂರ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮುಖ ತಿರುಗಿಸಿ ನಡೆದುಬಿಟ್ಟಳು. ಮಾತಾಡಿದರೆ ಆಣೆ ತಟ್ಟಿ ಕೂಸಿಗೇ ಏನಾದರೂ ಆದೀತೆಂಬ ಹೆದರಿಕೆ. ಆದರೆ ಹದಿನಾಲ್ಕರ ಹುಡುಗಿಗೆ ಕಂಡದ್ದು ದೊಡ್ಡವ್ವನ ಬೆನ್ನು ಮಾತ್ರ. ಆಮೇಲೆ ಹುಡುಗಿ ಕರೆಯಲಿಲ್ಲ. ಆರು ವರ್ಷವಾದರೂ ಆ ಕೂಗು ಅನ್ನಪೂರ್ಣಮ್ಮನ ಕಿವಿಯಿಂದ ಹೋಗಿರಲಿಲ್ಲ.

ಈಗ ಎರಡೂ ಮನೆಗೆ ಹಾಲು ಹಾಕುವವಳು ಒಂದು ಸುದ್ದಿ ತಂದಿದ್ದಳು. ಐಶ್ವರ್ಯಳದು ಡಿಗ್ರಿಯ ಕೊನೇ ವರ್ಷ. ಅಪ್ಪ ಗತ್ತಿಗೆ ಲ್ಯಾಪ್‌ಟಾಪ್ ತೆಗೆಸಿಕೊಟ್ಟಿದ್ದಾನೆ, ಇಂಟರ್‌ನೆಟ್ ಮಾತ್ರ ಬೇಡ ಅಂದಿದ್ದಾನೆ. ಅದು ಬಂದರೆ ಹೆಣ್ಣುಮಕ್ಕಳು ಕೆಡುತ್ತಾರಂತೆ. ಸೈಬರ್ ಸೆಂಟರಿನಲ್ಲಿ ಕೂರುವುದಕ್ಕೂ ಬಿಡುವುದಿಲ್ಲ. ಪ್ರಾಜೆಕ್ಟ್ ಮುಗಿಯದೆ ಹುಡುಗಿ ಅಳುತ್ತಿದ್ದಾಳೆ. ಇದನ್ನು ಕೇಳಿದ ರಾತ್ರಿ ಅನ್ನಪೂರ್ಣಮ್ಮನಿಗೆ ನಿದ್ದೆ ಬರಲಿಲ್ಲ, ಬೆಳಗಾದ ಮೇಲೆ ಇಫ್ತಿಕಾರನ ಅಂಗಡಿ ಮೆಟ್ಟಿಲು ಹತ್ತಿದಳು.

"ಹೇಳಿ ಕಳಿಸಿದ್ರೂ ಮಾತೇ, ಬರೆದು ಕಳಿಸಿದ್ರೂ ಮಾತೇ," ಎಂದಳು. "ಇದು ಮಾತಲ್ಲವಲ್ಲ? ಗಾಳಿ ತಾನೆ? ನಮ್ಮ ಮನೆ ಗಾಳಿ ಆ ಕಡೆ ಹೋದ್ರೆ ಯಾವ ದೇವರೂ ಕೇಳಾಂಗಿಲ್ಲ."

ಇಫ್ತಿಕಾರ್ ಗಲ್ಲ ಕೆರೆದುಕೊಂಡ. "ದಾಟಿಸ್ತೀನಿ ಅಮ್ಮಾರೆ. ದುಬೈನಿಂದ ಬಂದ ಪೀಸ್ ಐತೆ. ಅದರ ಪವರ್ ನಾವೇ ಏರಿಸಬಹುದು, ಇಳಿಸಬಹುದು."

ಟೆಲಿಫೋನ್ ಲೈನಿಗೆ ಬ್ರಾಡ್‌ಬ್ಯಾಂಡ್ ಬಂದ ದಿನವೇ ಅವನು ಡಬ್ಬಿ ತಂದ. ಎಲ್ಲಿಡಬೇಕೆಂದು ಅನ್ನಪೂರ್ಣಮ್ಮ ಆಗಲೇ ಯೋಚಿಸಿಟ್ಟಿದ್ದಳು. ದೇವರ ಕೋಣೆಗೂ ಆಚೆಯವರ ಉಗ್ರಾಣಕ್ಕೂ ನಡುವೆ ಹಳೇ ಕಾಲದ ದಪ್ಪ ಗೋಡೆ, ಅದರಲ್ಲೊಂದು ಗೂಡು. ಒಂದು ಕಾಲಕ್ಕೆ ಅದು ಎರಡೂ ಕಡೆ ತೆರೆದಿತ್ತು. ಪೂಜೆ ಮುಗಿದ ಮೇಲೆ ಪುಟ್ಟ ಐಶು ಆ ಕಡೆಯಿಂದ ಕೈ ತೂರಿಸಿದರೆ ಈ ಕಡೆಯಿಂದ ಕೊಬ್ಬರಿ ಚೂರು ಹೋಗುತ್ತಿತ್ತು. ಪಾಲಾದ ಮೇಲೆ ಹಾಲೇಶಪ್ಪ ಆಚೆಯಿಂದ ಒಂದು ಸಾಲು ಇಟ್ಟಿಗೆ ಕಟ್ಟಿಸಿ ಮುಚ್ಚಿಸಿದ್ದ. ಗೋಡೆ ತೀರ ತೆಳ್ಳಗಿದ್ದ ಜಾಗ ಅದೊಂದೇ.

ಇಫ್ತಿಕಾರ್ ದೇವರ ಕೋಣೆಯ ಹೊರಗೇ ನಿಂತ.

"ಡಬ್ಬಿ ಒಳಗೆ ಬಂದ ಮೇಲೆ ನೀನ್ಯಾಕೆ ಹೊರಗೆ? ಬಾರಪ್ಪ," ಎಂದು ಅವಳು ಚಾಪೆ ಹಾಸಿದಳು.

ಅವನು ತನ್ನ ಲ್ಯಾಪ್‌ಟಾಪ್ ತೆರೆದು ಡಬ್ಬಿಗೆ ಏನು ಹೆಸರಿಡಬೇಕು ಎಂದು ಕೇಳಿದ. ಆ ಹೆಸರು ಆಚೆಯವರಿಗೂ ಕಾಣುತ್ತದಂತೆ. ಹೆಸರಿಟ್ಟರೆ ಮಾತಾಡಿದಂತಾಗುತ್ತದೋ ಇಲ್ಲವೋ ಎಂದು ಅವಳು ಸ್ವಲ್ಪ ಹೊತ್ತು ದೇವರ ಪಟದ ಕಡೆ ನೋಡಿದಳು. ಅಂಗಡಿಗೆ ಬೋರ್ಡು ಹಾಕಿದರೆ ಅಂಗಡಿಯವನು ಮಾತಾಡಿದ ಅನ್ನುತ್ತಾರೆಯೇ? ಇಲ್ಲ. "ದೊಡ್ಡವ್ವ ಅಂತ ಇಡು," ಎಂದಳು. ಒಳಗೆ ಬರಲು ಒಂದು ಗುಟ್ಟಿನ ಪದವೂ ಬೇಕಿತ್ತು. "ಶೇಂಗಾಬೀಜ" ಎಂದಳು. ಅದನ್ನು ಊಹಿಸಬಲ್ಲವಳು ಈ ಭೂಮಿಯ ಮೇಲೆ ಒಬ್ಬಳೇ.

ಕೊನೆಗೆ ಪವರಿನ ಲೆಕ್ಕ. ಡಬ್ಬಿ ಬರುವಾಗಲೇ ಎಪ್ಪತ್ತಕ್ಕೆ ಇಟ್ಟಿರುತ್ತಾರೆ, ಇನ್ನೂರೈವತ್ತೊಂದರ ತನಕ ಏರಿಸಬಹುದು ಎಂದ ಇಫ್ತಿಕಾರ್. ಎಪ್ಪತ್ತು ಎಂಥದ್ದು ಎಂದರೆ ಮಿಲಿವ್ಯಾಟ್ ಎಂದ.

"ಜಾಸ್ತಿ ಇಟ್ರೆ ಆ ಕಡೆ ಕೂಸಿಗೆ ಏನೂ ಆಗಲ್ವಾ?"

"ಅಯ್ಯೋ ಅಮ್ಮಾರೆ, ನಿಮ್ಮ ದೇವರ ಮುಂದಿರೋ ಝೀರೋ ಬಲ್ಬಿಗಿಂತ ಎಷ್ಟೋ ಕಮ್ಮಿ ಇದು. ಮನುಷ್ಯರಿಗೆ ಏನಾಗುತ್ತೆ?"

"ಹಂಗಾದ್ರೆ ಎಲ್ಲಕ್ಕಿಂತ ಜಾಸ್ತಿ ಇಡು," ಎಂದಳು ಅನ್ನಪೂರ್ಣಮ್ಮ. ಆರು ವರ್ಷ ಕಟ್ಟಿಟ್ಟ ಪ್ರೀತಿಗೆ ಎಪ್ಪತ್ತು ಯಾವ ಮೂಲೆಗೆ ಸಾಕು? ಇಫ್ತಿಕಾರನಿಗೂ ತನ್ನ ದುಬೈ ಡಬ್ಬಿಯ ತಾಕತ್ತು ನೋಡುವ ಹುರುಪು. ಇನ್ನೂರೈವತ್ತೊಂದು ಒತ್ತಿಯೇಬಿಟ್ಟ.

"ಆ ಕಡೆಯೋರು ಯಾರಾದರೂ ಸೇರಿಕೊಂಡು ಕೆಲಸ ಮಾಡಿದ್ರೆ ಈ ಹಸಿರು ದೀಪ ಪಟಪಟ ಅಂತ ಮಿನುಗ್ತೈತೆ. ಇಲ್ಲಾಂದ್ರೆ ಸುಮ್ನೆ ಉರೀತಿರ್ತೈತೆ," ಎಂದು ಹೇಳಿ ಹೋದ.

ಅವತ್ತಿನಿಂದ ಅನ್ನಪೂರ್ಣಮ್ಮನಿಗೆ ಎರಡು ದೀಪ ಕಾಯುವ ಕೆಲಸ. ಎಣ್ಣೆ ದೀಪ ತನ್ನ ಪಾಡಿಗೆ ತಾನು ಉರಿಯುತ್ತಿತ್ತು. ಹಸಿರು ದೀಪವೂ ತನ್ನ ಪಾಡಿಗೆ ತಾನು ಉರಿಯುತ್ತಿತ್ತು, ಒಮ್ಮೊಮ್ಮೆ ಎರಡು ಸಲ ಮಿನುಗಿ ಮತ್ತೆ ಸುಮ್ಮನಾಗುತ್ತಿತ್ತು. ಬಾಗಿಲಿನ ತನಕ ಬಂದವರು ಒಳಗೆ ಬಾರದೆ ತಿರುಗಿ ಹೋದರೆ ಆಗುವ ಹಾಗೆ ಅವಳಿಗೆ ಆಗುತ್ತಿತ್ತು. ಗುಡಿಯ ಅಂಗಳದಲ್ಲಿ ತಾನು ತಿರುಗಿ ನಡೆದದ್ದಕ್ಕೆ ಈಗ ಅವಳು ತಿರುಗಿ ಹೋಗುತ್ತಿದ್ದಾಳೆ ಎಂದುಕೊಂಡಳು.

ಜೊತೆಗೆ ಡಬ್ಬಿಗೆ ಜ್ವರ. ಹೊರಗೆ ಮೈ ಸುಡುವ ಬಿಸಿಲು, ಗೂಡಿಗೆ ಮರದ ಬಾಗಿಲು, ಒಳಗೆ ಎಣ್ಣೆ ದೀಪ, ಅದರ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂಗುತ್ತಿರುವ ಡಬ್ಬಿ. ಮುಟ್ಟಿದರೆ ಕೈ ಸುಡುತ್ತಿತ್ತು. ತಾನೇ ಆರಿ, ತಾನೇ ಹೊತ್ತಿಕೊಳ್ಳುತ್ತಿತ್ತು. ಅನ್ನಪೂರ್ಣಮ್ಮ ಕೂಸಿಗೆ ಜ್ವರ ಬಂದಾಗ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಮೆತ್ತನೆಯ ಹಳೇ ಸೀರೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಡಬ್ಬಿಯ ಹಣೆಯ ಮೇಲೆ ಹಾಕಿದಳು.

ಮರುದಿನ ಬಂದ ಇಫ್ತಿಕಾರ್ ಅದನ್ನು ನೋಡಿ "ಯಾ ಅಲ್ಲಾ!" ಎಂದು ಪ್ಲಗ್ ಕಿತ್ತ. ಒಳಗೆ ನೀರು ಇಳಿದಿರಲಿಲ್ಲ, ಪುಣ್ಯ. ಡಬ್ಬಿ ಬಿಚ್ಚಿ ಫ್ಯಾನಿನ ಕೆಳಗೆ ಆರಲು ಇಟ್ಟು, ಅವನೂ ಒಂದು ಲೋಟ ಮಜ್ಜಿಗೆ ಕುಡಿದು ಸುಧಾರಿಸಿಕೊಂಡ.

"ತಪ್ಪು ನಂದೂ ಐತೆ ಅಮ್ಮಾರೆ. ಮನುಷ್ಯರಿಗೆ ಏನೂ ಆಗಲ್ಲ ಅಂದೆ, ಡಬ್ಬಿಗೆ ಆಗುತ್ತೆ ಅನ್ನೋದು ಮರೆತೆ." ಆಮೇಲೆ ದನಿ ತಗ್ಗಿಸಿದ. "ಇನ್ನೊಂದು. ಮಾತು ತರಬೇಡ ಅಂದಿದ್ರಿ, ತರಾಂಗಿಲ್ಲ. ಆದ್ರೆ ನಿನ್ನೆ ಜೆರಾಕ್ಸ್‌ಗೆ ಬಂದ ಗಿರಾಕಿಯೊಬ್ರು ಒಂದು ಕಂಪ್ಲೇಂಟ್ ಹೇಳಿದ್ರು. ಮಾಳಿಗೆ ರೂಮಲ್ಲಿ ಸಿಗ್ನಲ್ ಪೂರ್ತಿ ತೋರಿಸ್ತೈತಂತೆ. ಗುಟ್ಟಿನ ಪದವೂ ಮೊದಲನೇ ಸಲಕ್ಕೇ ಸರಿ ಹೊಡೆದ್ರಂತೆ. ಆದ್ರೆ ಏನೂ ತೆರೆಯಲ್ವಂತೆ."

ಅನ್ನಪೂರ್ಣಮ್ಮ ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು. ಗುಟ್ಟಿನ ಪದ ಮೊದಲನೇ ಸಲಕ್ಕೇ! ಅಂದರೆ ಮರೆತಿಲ್ಲ. ಅವಳಿಗೆ ಕುಣಿಯಬೇಕು ಅನ್ನಿಸಿತು, ಅಳಬೇಕು ಅಂತಲೂ ಅನ್ನಿಸಿತು.

"ಪೂರ್ತಿ ತೋರಿಸಿದ್ರೆ ಯಾಕೆ ತೆರೆಯಲ್ಲ?"

"ಹೆಂಗೆ ಹೇಳ್ಲಿ... ಈ ಡಬ್ಬಿ ಗಂಟಲು ಹರ್ಕೊಂಡು ಕೂಗ್ತೈತೆ, ಅದು ಅವರಿಗೆ ಕೇಳ್ತೈತೆ. ಅವರ ಲ್ಯಾಪ್‌ಟಾಪಿಗೆ ಅಷ್ಟು ಗಂಟಲಿಲ್ಲ. ಅದು ಓ ಅಂದದ್ದು ಇಲ್ಲಿಗೆ ಮುಟ್ಟಲ್ಲ. ನಾವು ಎಷ್ಟು ಜೋರು ಮಾಡಿದ್ರೂ ಅವರ ದನಿ ಜೋರಾಗಲ್ಲವಲ್ಲ." ಅವನು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ. "ಬಿಸಿಲು ಕಳೆಯೋ ತನಕ ಇಪ್ಪತ್ತಕ್ಕೆ ಇಳಿಸ್ತೀನಿ. ಡಬ್ಬಿ ತಣ್ಣಗಿರ್ತೈತೆ. ಬಾಗಿಲು ತೆಗೆದುಬಿಡಿ, ಎಣ್ಣೆ ದೀಪ ಬೇರೆ ಕಡೆ ಇಡಿ. ಇಷ್ಟಕ್ಕೆ ಮಾಳಿಗೆಗೆ ಹೋಗಲ್ಲ. ಉಗ್ರಾಣದಲ್ಲಿ, ಈ ಗೋಡೆ ಹತ್ರ ಬಂದು ಕೂತ್ರೆ ಮಾತ್ರ ಸಿಗ್ತೈತೆ."

"ಬಂದು ಕೂತ್ಕೊಳ್ತಾಳಾ?"

ಇದು ಯಂತ್ರದ ಪ್ರಶ್ನೆ ಆಗಿರಲಿಲ್ಲ. ಇಫ್ತಿಕಾರ್ ತಲೆ ಎತ್ತಲಿಲ್ಲ. "ಗಿರಾಕಿ ಮತ್ತೆ ಬಂದ್ರೆ, ಗೋಡೆ ಹತ್ರ ಸಿಗ್ತೈತೆ ಅಂತ ಹೇಳ್ತೀನಿ. ಅದು ನನ್ನ ಸರ್ವಿಸು," ಎಂದ.

ಎರಡು ಸಂಜೆ ಏನೂ ಆಗಲಿಲ್ಲ. ಮೂರನೆಯ ಸಂಜೆ ಅನ್ನಪೂರ್ಣಮ್ಮ ಹೂಬತ್ತಿ ಹೊಸೆಯುತ್ತ ಕೂತಿದ್ದಾಗ ಗೋಡೆಯಾಚೆ ಏನೋ ಸರಿದ ಸದ್ದು. ಗೋಣಿಚೀಲ ಎಳೆಯುತ್ತಿದ್ದಾರೆ. ಆಮೇಲೆ ಬಳೆ ಸದ್ದು. ಆಮೇಲೆ ಒಂದು ಕೆಮ್ಮು, ಉಗ್ರಾಣದ ಧೂಳಿಗೆ. ಹಸಿರು ದೀಪ ಒಮ್ಮೆಲೇ ಪಟಪಟ ಮಿನುಗತೊಡಗಿತು.

ಅವಳು ಹೂಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಅಂಗೈ ಒತ್ತಿದಳು. ಆಚೆ, ಒಂದು ಸಾಲು ಇಟ್ಟಿಗೆಯ ಆಚೆ, ಅವಳ ಶೇಂಗಾಬೀಜ ಬೆನ್ನು ಕೊಟ್ಟು ಕೂತಿತ್ತು. ಇನ್ನೂರೈವತ್ತೊಂದಕ್ಕೆ ಬಾರದಿದ್ದವಳು ಇಪ್ಪತ್ತಕ್ಕೆ ಬಂದಿದ್ದಳು. ಅನ್ನಪೂರ್ಣಮ್ಮ ಸದ್ದಾಗದಂತೆ ಅತ್ತಳು. ಅತ್ತದ್ದು ಮಾತಲ್ಲ ಎಂದು ದೇವರಿಗೂ ಗೊತ್ತಿರಬೇಕು.

ದಿನಾ ಸಂಜೆ ಹೀಗೇ ಆಯಿತು. ಆದರೆ ಮನುಷ್ಯರ ಆಸೆ ಎಲ್ಲಿ ನಿಲ್ಲುತ್ತದೆ? ಕೆಮ್ಮು ಕೇಳಿದರೆ ಕಷಾಯ ಕುಡಿ ಅನ್ನಬೇಕು ಅನ್ನಿಸುತ್ತಿತ್ತು, ಹೊತ್ತಾದರೆ ಊಟ ಮಾಡು ಅನ್ನಬೇಕು ಅನ್ನಿಸುತ್ತಿತ್ತು. ಆಗ ಅವಳಿಗೆ ತನ್ನ ಅತ್ತೆ ನೆನಪಾದಳು. ಆಕೆ ತನ್ನ ಮಾವನವರ ಎದುರು ಬಾಯಿ ತೆರೆಯಬಾರದ ಕಾಲದ ಸೊಸೆ. ಬೆಕ್ಕಿಗೆ ಹೇಳುತ್ತಿದ್ದಳು, "ಏ ಬೆಕ್ಕೇ, ಅನ್ನ ಆರ್ತಾ ಐತೆ, ಏಳಬಾರದಾ?" ಮಾವನವರು ಎದ್ದು ಕೈ ತೊಳೆಯುತ್ತಿದ್ದರು. ಬೆಕ್ಕಿನ ಕೂಡ ಆಡಿದ್ದನ್ನು ಮಾವನ ಕೂಡ ಆಡಿದ್ದೆಂದು ಯಾರೂ ಅನ್ನುತ್ತಿರಲಿಲ್ಲ.

ಅನ್ನಪೂರ್ಣಮ್ಮನ ಮನೆಯಲ್ಲಿ ಬೆಕ್ಕಿರಲಿಲ್ಲ. ಗಂಟಲು ಸರಿ ಮಾಡಿಕೊಂಡು ಗೂಡಿನ ಕಡೆ ತಿರುಗಿದಳು.

"ಏ ಡಬ್ಬಿ, ಉಂಡ್ಯಾ?"

ಗೋಡೆಯಾಚೆ ಬಳೆ ಸದ್ದು ನಿಂತಿತು. ಹಸಿರು ದೀಪ ಕೂಡ ನಿಂತಿತು. ಅನ್ನಪೂರ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೆಟ್ಟೆನೇ? ಮಾತಾಡಿಬಿಟ್ಟೆನೇ?

ಆಮೇಲೆ ಆಚೆಯಿಂದ ಮೆಲ್ಲಗೆ, ಆರು ವರ್ಷದಲ್ಲಿ ಸ್ವಲ್ಪ ದಪ್ಪವಾಗಿದ್ದ ಆ ದನಿ ಬಂತು. "ಏ ಲ್ಯಾಪ್‌ಟಾಪೇ, ನಂದು ಆಯ್ತು. ರೊಟ್ಟಿ, ಹುಚ್ಚೆಳ್ಳು ಚಟ್ನಿ."

ಅಲ್ಲಿಂದ ಮುಂದೆ ಆ ಗೋಡೆಯ ಎರಡು ಬದಿಯಲ್ಲಿ ಡಬ್ಬಿಗೂ ಲ್ಯಾಪ್‌ಟಾಪಿಗೂ ಸಿಕ್ಕಿದಷ್ಟು ಉಪಚಾರ ಚಳ್ಳಕೆರೆಯಲ್ಲಿ ಯಾವ ಯಂತ್ರಕ್ಕೂ ಸಿಕ್ಕಿರಲಾರದು. ಡಬ್ಬಿಗೆ ತಲೆಗೆ ಎಣ್ಣೆ ಹಚ್ಚಿಕೋ ಅಂತ ಬುದ್ಧಿ. ಲ್ಯಾಪ್‌ಟಾಪಿಗೆ ಯಾವ ಲೆಕ್ಚರರ್ ಬೈದರು, ಯಾವ ಗೆಳತಿ ಮಾತು ಬಿಟ್ಟಳು ಅಂತ ವರದಿ. ಒಂದು ದಿನ ಲ್ಯಾಪ್‌ಟಾಪ್ ಕೇಳಿಸಿಕೊಂಡ ಪ್ರಶ್ನೆ ಹೀಗಿತ್ತು: "ಗುಡಿ ಹತ್ರ ಅವತ್ತು ಯಾಕೆ ಹಂಗೆ ಹೋಗಿದ್ದು?" ಅನ್ನಪೂರ್ಣಮ್ಮ ಗೋಡೆಗೆ ಇನ್ನಷ್ಟು ಹತ್ತಿರ ಸರಿದು, "ಡಬ್ಬಿ, ನಿನ್ನ ಮೇಲೆ ಆಣೆ ಇಟ್ಟಿದ್ದೆ ಕಣೆ. ನಿಂಗೆ ಏನಾದರೂ ಆದ್ರೆ ನಾನು ಬದುಕ್ತಿದ್ನಾ?" ಎಂದಳು. ಆಚೆ ಮೂಗೊರೆಸಿಕೊಂಡ ಸದ್ದು ಕೇಳಿತು.

ಜೂನಿನಲ್ಲಿ ಒಂದೆರಡು ಮಳೆ ಬಿದ್ದು ಗೋಡೆಗಳು ತಂಪಾದವು. ಇಫ್ತಿಕಾರ್ ಉದ್ದನೆಯ ಆಂಟೆನಾ ಹಿಡಿದು ಬಂದ.

"ಅಮ್ಮಾರೆ, ಈಗ ಎಪ್ಪತ್ತಕ್ಕೆ ಇಟ್ರೆ ಅಪಾಯ ಇಲ್ಲ. ಈ ಆಂಟೆನಾ ಕೂಗೋದಕ್ಕೂ ಆಗುತ್ತೆ, ಆ ಕಡೆ ದನಿ ಕೇಳಿಸ್ಕೊಳ್ಳೋದಕ್ಕೂ ಆಗುತ್ತೆ. ಗಿರಾಕಿ ಮಾಳಿಗೆ ರೂಮಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಕೂತು ಓದ್ಕೊಬಹುದು. ಪರೀಕ್ಷೆ ಬೇರೆ ಬಂತು."

ಅನ್ನಪೂರ್ಣಮ್ಮನ ಮುಖ ಬಾಡಿತು. ಎಪ್ಪತ್ತಕ್ಕೆ ಇಟ್ಟರೆ ಹುಡುಗಿ ಮಾಳಿಗೆ ಹತ್ತುತ್ತಾಳೆ. ಇಪ್ಪತ್ತರಲ್ಲೇ ಇಟ್ಟರೆ ಗೋಡೆಯ ಹತ್ತಿರ ಇರುತ್ತಾಳೆ. ಇದೇ ಸಾಕು ಕಣಪ್ಪ ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಇಫ್ತಿಕಾರ್ ಕೂಡ ಕೇಳುವುದಿಲ್ಲ. ಆದರೆ ಆ ಉಗ್ರಾಣ ಅವಳಿಗೆ ಗೊತ್ತಿಲ್ಲವೇ? ಅವಳೇ ಇಪ್ಪತ್ತೈದು ವರ್ಷ ಗುಡಿಸಿದ್ದು. ಕಿಟಕಿಯಿಲ್ಲ, ಗಾಳಿಯಿಲ್ಲ, ಶೇಂಗಾ ಚೀಲದ ಧೂಳು, ಸೊಳ್ಳೆ. ನಿನ್ನೆಯೂ ಹುಡುಗಿ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಳು. ತನ್ನ ಆಸೆಗೆ ಕೂಸನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿದವಳಿಗೂ ಇಂಟರ್‌ನೆಟ್ ಬೇಡ ಅಂದವನಿಗೂ ಏನು ವ್ಯತ್ಯಾಸ?

"ಎಪ್ಪತ್ತಕ್ಕೆ ಇಡು," ಎಂದಳು.

ಅವತ್ತು ಸಂಜೆ ದೇವರ ಕೋಣೆಗೆ ಹೋಗುವ ಮನಸ್ಸೇ ಆಗಲಿಲ್ಲ. ದೀಪ ಹಚ್ಚಲೇಬೇಕಲ್ಲ ಎಂದು ಹೋದಳು. ಹಸಿರು ದೀಪ ಆಗಲೇ ಪಟಪಟ ಮಿನುಗುತ್ತಿತ್ತು, ಗೋಡೆಯಾಚೆ ಮಾತ್ರ ಸದ್ದಿಲ್ಲ. ಮಾಳಿಗೆಯಲ್ಲಿ ಆರಾಮಾಗಿರಲಿ, ಕೆಮ್ಮು ಕಮ್ಮಿಯಾಗಲಿ ಎಂದುಕೊಂಡಳು. ಎಷ್ಟು ಸಲ ಅಂದುಕೊಂಡರೂ ಕಣ್ಣು ಕೇಳಲಿಲ್ಲ, ತುಂಬಿ ತುಂಬಿ ಬಂತು.

ಆರತಿ ಮುಗಿಸುವಷ್ಟರಲ್ಲಿ ಗೋಣಿಚೀಲ ಎಳೆದ ಸದ್ದಾಯಿತು.

"ಏ ಲ್ಯಾಪ್‌ಟಾಪೇ," ಎಂದಿತು ಆಚೆಯ ದನಿ, ಮೆಟ್ಟಿಲಿಳಿದು ಓಡಿ ಬಂದ ಏದುಸಿರಿನಲ್ಲಿ. "ಮಾಳಿಗೆ ಮೇಲೂ ಪಸಂದಾಗಿ ಸಿಗ್ತೈತೆ. ಆದ್ರೆ ಅಲ್ಲಿ ಉಂಡ್ಯಾ ಅಂತ ಕೇಳೋರು ಯಾರೂ ಇಲ್ಲ."

ಆ ಮಳೆಗಾಲ ಅನ್ನಪೂರ್ಣಮ್ಮನ ಬದುಕಿನ ದೊಡ್ಡ ಸುಖವಾಗಿತ್ತು. ದಸರೆಗೆ ಮುಂಚೆ ಹಾಲುಹಾಕುವವಳು ಇನ್ನೊಂದು ಸುದ್ದಿ ತಂದಳು. ಐಶ್ವರ್ಯಳಿಗೆ ಮೊಳಕಾಲ್ಮೂರಿನಲ್ಲಿ ಗಂಡು ಗೊತ್ತಾಗಿದೆ. ರೇಷ್ಮೆ ಸೀರೆ ವ್ಯಾಪಾರದ ತಿಪ್ಪೇರುದ್ರಪ್ಪನ ಮಗ ಮಲ್ಲಿಕ್. ಕಾರ್ತೀಕದಲ್ಲಿ ಲಗ್ನ. ಹುಡುಗಿ ಒಪ್ಪಿದ್ದಾಳೆ, ಹುಡುಗ ಒಳ್ಳೆಯವನು. ಅನ್ನಪೂರ್ಣಮ್ಮ ಡಬ್ಬಿಯನ್ನು ಹರಸಿದಳು. ಚಪ್ಪರದ ಕಂಬ ನೆಡುವ ಸದ್ದು, ಬೀಗರ ಗದ್ದಲ, ಅರಿಶಿನ ಕುಟ್ಟುವ ಹೆಂಗಸರ ಹಾಡು, ಎಲ್ಲವೂ ಗೋಡೆ ದಾಟಿ ಬಂದವು. ಲಗ್ನಪತ್ರಿಕೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಬಾಗಿಲ ಕಡೆ ನೋಡುವುದನ್ನು ಅವಳು ಬಿಡಲಿಲ್ಲ.

ಲಗ್ನದ ಹಿಂದಿನ ಸಂಜೆ, ಅರಿಶಿನದ ಗದ್ದಲದ ನಡುವೆಯೂ ಒಂದು ಗಳಿಗೆ ಬಳೆಗಳು ಉಗ್ರಾಣಕ್ಕೆ ಬಂದವು. ಈ ಸಲ ಬಳೆ ಬಹಳ ಇದ್ದವು.

"ಲ್ಯಾಪ್‌ಟಾಪೇ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗಂತೆ. ನಾಳೆ ಧಾರೆ ಆದ್ಮೇಲೆ ನಾನು ಈ ಮನೆಯೋಳಲ್ವಂತೆ. ಕೇಳಿಸ್ತಾ? ಈ ಮನೆಯೋಳಲ್ಲ."

ಮದುವಣಗಿತ್ತಿಯರು ಆಡುವ ಸಂಕಟದ ಮಾತು ಎಂದುಕೊಂಡು ಅನ್ನಪೂರ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿದಳು. ಆಚೆ ಯಾರೋ ಕರೆದರು, ಬಳೆಗಳು ಹೊರಟುಹೋದವು.

ಮರುದಿನದಿಂದ ಹಸಿರು ದೀಪ ಮಿನುಗಲಿಲ್ಲ. ಸುಮ್ಮನೆ ಉರಿಯುತ್ತಿತ್ತು. ಆರಿದ್ದರೂ ತಡೆದುಕೊಳ್ಳಬಹುದಿತ್ತು, ಹಾಗೆ ಉರಿಯುವುದನ್ನು ನೋಡಲಾಗುತ್ತಿರಲಿಲ್ಲ. ಅನ್ನಪೂರ್ಣಮ್ಮ "ಉಂಡ್ಯಾ" ಅಂದರೆ ಡಬ್ಬಿ ಬರೀ ಡಬ್ಬಿಯಾಗಿ ಕೂತಿರುತ್ತಿತ್ತು. ಒಂದು ದಿನ ಇಫ್ತಿಕಾರನನ್ನು ಕರೆಸಿ, ನಾಚಿಕೆ ಬಿಟ್ಟು ಕೇಳಿದಳು.

"ಇನ್ನೂರೈವತ್ತೊಂದಕ್ಕೆ ಇಡಪ್ಪ. ಮೊಳಕಾಲ್ಮೂರಿಗೆ ಮುಟ್ಟುತ್ತಾ?"

ಅವನಿಗೆ ನಗು ಬರಲಿಲ್ಲ. "ಮುಟ್ಟಲ್ಲ ಅಮ್ಮಾರೆ."

"ಗೊತ್ತು. ಸುಮ್ನೆ ಕೇಳಿದೆ."

"ನಾನೇ ಮೊನ್ನೆ ಮೊಳಕಾಲ್ಮೂರಿಗೆ ಹೋಗಿದ್ದೆ," ಎಂದ ಇಫ್ತಿಕಾರ್. "ತಿಪ್ಪೇರುದ್ರಪ್ಪೋರ ಮನೇಲಿ ರೂಟರ್ ಹಾಕಿ ಬಂದೆ. ಅದೂ ದುಬೈ ಪೀಸೇ. ನಮ್ಮ ಗಿರಾಕಿ ಅದಕ್ಕೂ 'ದೊಡ್ಡವ್ವ' ಅಂತಾನೇ ಹೆಸರಿಡಿಸಿದ್ರು, ಅದೇ ಗುಟ್ಟಿನ ಪದ. ಪವರ್ ಎಷ್ಟಿಡ್ಲಿ ಅಂದೆ. ಇಪ್ಪತ್ತು ಸಾಕು, ಬೇಕಾದೋರು ಹತ್ರ ಬರ್ತಾರೆ ಅಂದ್ರು." ಚೀಲ ಹೆಗಲಿಗೇರಿಸಿ, ಹೋಗುವಾಗ ನೆನಪಾದವನಂತೆ ನಕ್ಕ. "ಒಂದು ತಮಾಷೆ ಆಯ್ತು ಅಮ್ಮಾರೆ. ನಾನು 'ಹಾಲೇಶಪ್ಪೋರ ಮನೆ ಹುಡುಗಿ ಎಲ್ಲಿ' ಅಂತ ಕೇಳಿದ್ದಕ್ಕೆ ಅವರತ್ತೆ ನನ್ನ ಬೈದೇಬಿಟ್ರು. 'ಯಾವ ಹಾಲೇಶಪ್ಪ? ಅವಳೀಗ ನಮ್ಮ ಮನೆಯೋಳು' ಅಂತ."

ಅವನು ಹೋದ ಮೇಲೆ ಅನ್ನಪೂರ್ಣಮ್ಮ ದೇವರ ಕೋಣೆಯಲ್ಲಿ ಕಂಬದ ಹಾಗೆ ನಿಂತುಬಿಟ್ಟಳು. ನಮ್ಮ ಮನೆಯೋಳು. ಈ ಮನೆಯೋಳಲ್ಲ. ಕೇಳಿಸ್ತಾ? ಹುಡುಗಿ ಅವತ್ತು ಅಳಲಿಲ್ಲ, ದಾರಿ ಹೇಳಿಕೊಟ್ಟಿದ್ದಳು! ಈ ದಡ್ಡಿಗೆ ತಿಳಿಯಲಿಲ್ಲ.

ದೇವರ ಪಟದ ಎದುರು ನಿಂತು ಸೊಂಟಕ್ಕೆ ಕೈಯಿಟ್ಟಳು. "ಆ ಮನೆಯೋರ ಕೂಡ ಮಾತಾಡಲ್ಲ ಅಂದಿದ್ದೆ. ಆ ಹೊಸ್ತಿಲು ತುಳಿಯಲ್ಲ ಅಂದಿದ್ದೆ. ನೀನೇ ಕೇಳಿದ್ದೀಯ. ಮೊಳಕಾಲ್ಮೂರು ಅಂತ ಅಂದಿದ್ನಾ?" ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಎಷ್ಟು ಹೆಣ್ಣುಮಕ್ಕಳನ್ನು ಅಳಿಸಿದ ಗಾದೆಯೋ ಅದು, ಒಂದು ದಿನವಾದರೂ ಉಪಕಾರಕ್ಕೆ ಬರಲಿ. ದೇವರು ಏನೂ ಅನ್ನಲಿಲ್ಲ. ಹಂಡೆಯ ಜಗಳದ ದಿನವೂ ಅವನು ಏನೂ ಅಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಹಣೆ ಚಚ್ಚಿಕೊಂಡ. "ಅಜ್ಜಿ, ಇದು ಬಸ್ಸು, ಲಾರಿ ಅಲ್ಲ. ಹಂಡೆ ಎಲ್ಲಿಡ್ಲಿ?"

"ನನ್ನ ತಲೆ ಮೇಲಿಡು," ಎಂದಳು ಅನ್ನಪೂರ್ಣಮ್ಮ. ಹುಣಸೆಹಣ್ಣು ಹಚ್ಚಿ ಬೆಳಗಿದ ಹಂಡೆ ಬಸ್ಸಿನ ಟಾಪಿನ ಮೇಲೆ ಕೂತು, ದಾರಿಯುದ್ದಕ್ಕೂ ಬಿಸಿಲಿಗೆ ಥಳಥಳ ಹೊಳೆಯುತ್ತ ಹೋಯಿತು.

ತಿಪ್ಪೇರುದ್ರಪ್ಪನ ಮನೆಯ ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು. ಆಟೋದವನು ಹಂಡೆ ಇಳಿಸಿ ಹೋದ. ಬಾಗಿಲಲ್ಲಿ ನಿಂತವಳನ್ನು ನೋಡಿ ಮನೆಯಾಕೆ ತೆಲುಗು ಬೆರೆಸಿ "ಎವರಮ್ಮಾ? ಯಾರು ಬೇಕಿತ್ತು?" ಎಂದಳು. ಅಷ್ಟರಲ್ಲಿ ಒಳಗಿನ ಕೋಣೆಯಿಂದ, ಹೊಸ ರೇಷ್ಮೆ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟ ಹುಡುಗಿ ಬಂದು ನಿಂತಳು. ಆರು ವರ್ಷ ಎದುರು ನಿಂತು ನೋಡದ ಮುಖ. ಎಷ್ಟೋ ದೊಡ್ಡದಾಗಿದೆ. ಹುಬ್ಬಿನ ಪಕ್ಕದ ಮಚ್ಚೆ ಹಾಗೇ ಇದೆ.

ಆಡಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲಿ ನೂರು ಸಲ ಆಡಿ ನೋಡಿದ್ದಳು, ಈಗ ಒಂದೂ ಸಿಗಲಿಲ್ಲ. ಆ ಮುಖ ನೋಡಲು ಹೆದರಿ ಅನ್ನಪೂರ್ಣಮ್ಮ ಕಣ್ಣು ತಪ್ಪಿಸಿದಳು. ಗೋಡೆಯ ಹಲಗೆಯ ಮೇಲೆ ಹಸಿರು ದೀಪದ ಡಬ್ಬಿಯೊಂದು ಕಾಣಿಸಿತು. ಅದನ್ನೇ ಹಿಡಿದುಕೊಂಡಳು.

"ಏ ಡಬ್ಬಿ, ಉಂಡ್ಯಾ?"

ಹುಡುಗಿ ಬಂದವಳೇ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಡಬ್ಬಿಗಲ್ಲ ದೊಡ್ಡವ್ವ, ನನ್ನ ಕೇಳು."

"ಉಂಡ್ಯಾ, ಶೇಂಗಾಬೀಜ?"

"ಇಲ್ಲ," ಎಂದಳು ಐಶ್ವರ್ಯ, ಅಳುತ್ತ. "ನೀನು ಬರ್ಲಿ ಅಂತ ಕಾಯ್ತಿದ್ದೆ."